ವಜ್ರದ ಓಲೆ, ಮೂಗುತಿ, ಉಂಗುರ: ಕಲ್ಲನ್ನು ಅರಿತು ಕೊಳ್ಳುವ ಬಗೆ

ವಜ್ರದ ಒಡವೆ ಕೊಳ್ಳಲು ಹೋದವರನ್ನು ಅಂಗಡಿಯವರು ಮೊದಲು ಕೇಳುವುದು ಎಷ್ಟು ಸೆಂಟಿನ ಕಲ್ಲು ಬೇಕು, ಎಷ್ಟು ಹಣದೊಳಗೆ ಬೇಕು ಎಂಬುದನ್ನು. ತೂಕ ಮತ್ತು ಬೆಲೆಯಿಂದ ಆರಂಭವಾದ ಮಾತುಕತೆ ಸಾಮಾನ್ಯವಾಗಿ ತೂಕ ಮತ್ತು ಬೆಲೆಯಲ್ಲೇ ಮುಗಿದುಹೋಗುತ್ತದೆ. ಕಲ್ಲು ಬೆಳಕನ್ನು ಹೇಗೆ ಹಿಂದಿರುಗಿಸುತ್ತದೆ, ಅದು ಗಣಿಯಿಂದ ಬಂದದ್ದೋ ಪ್ರಯೋಗಾಲಯದಲ್ಲಿ ಬೆಳೆದದ್ದೋ, ರಸೀದಿಯಲ್ಲಿ ಏನೇನು ಬರೆದಿರಬೇಕು ಎಂಬ ಪ್ರಶ್ನೆಗಳು ಮನೆಗೆ ಬಂದ ಮೇಲೆ ಏಳುತ್ತವೆ. ಮಗಳ ಮದುವೆಗೆ ಏಳು ಕಲ್ಲಿನ ಓಲೆಯನ್ನೋ ಬೇಸರಿಯನ್ನೋ ಮಾಡಿಸಬೇಕೆಂದಿರುವವರು, ಅಜ್ಜಿಯಿಂದ ಬಂದ ಹಳೆಯ ಒಡವೆಯನ್ನು ಹೊಸದಾಗಿ ಕಟ್ಟಿಸಬೇಕೆಂದಿರುವವರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳುವುದಾದರೆ, ವಜ್ರದಲ್ಲಿ ಮೊದಲು ನೋಡಬೇಕಾದದ್ದು ಅದರ ಕಟ್ (ಅಂದರೆ ಮುಖಗಳನ್ನು ಕೊಟ್ಟು ಅದನ್ನು ಕತ್ತರಿಸಿರುವ ರೀತಿ), ಕೊನೆಗೆ ನೋಡಬೇಕಾದದ್ದು ಅದರ ತೂಕ. ಹಾಗೇಕೆ ಎಂಬುದು ಈ ಕಲ್ಲಿನ ಚರಿತ್ರೆಯನ್ನು ಸ್ವಲ್ಪ ತಿಳಿದರೆ ಸ್ಪಷ್ಟವಾಗುತ್ತದೆ.

ಕಲ್ಲು ಬಂದ ದಾರಿ

18ನೆಯ ಶತಮಾನದ ಮೊದಲ ದಶಕಗಳವರೆಗೆ ಜಗತ್ತಿಗೆ ವಜ್ರವನ್ನು ಒದಗಿಸುತ್ತಿದ್ದದ್ದು ಬಹುಮಟ್ಟಿಗೆ ಭಾರತವೇ. ಬೋರ್ನಿಯೊ ದ್ವೀಪದಿಂದ ಬರುತ್ತಿದ್ದ ಅಲ್ಪಸ್ವಲ್ಪವನ್ನು ಬಿಟ್ಟರೆ ಹೇಳಿಕೊಳ್ಳುವಂಥ ಬೇರೆ ಮೂಲವಿರಲಿಲ್ಲ. ‘ಗೋಲ್ಕೊಂಡದ ವಜ್ರ’ ಎಂದು ಹೆಸರಾದ ಕಲ್ಲುಗಳು ಗೋಲ್ಕೊಂಡದ ಕೋಟೆಯ ಬಳಿ ಸಿಕ್ಕಿದವುಗಳಲ್ಲ. ಅವು ಕೃಷ್ಣಾ ಕಣಿವೆಯ ಗಣಿಗಳಲ್ಲಿ ಹುಟ್ಟಿ, ಗೋಲ್ಕೊಂಡದ ಪೇಟೆಯಲ್ಲಿ ಮಾರಾಟವಾಗುತ್ತಿದ್ದವು. ಆ ಗಣಿಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಕೊಲ್ಲೂರು. ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ ಗುಂಟೂರು ಸೀಮೆಯ ಕೊಲ್ಲೂರು. 17ನೆಯ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ, ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 60,000 ಜನ ಆ ಗಣಿಯಲ್ಲಿ ದುಡಿಯುತ್ತಿದ್ದರೆಂದು ಬರೆದಿದ್ದಾನೆ.

ಕನ್ನಡ ನಾಡಿಗೂ ವಜ್ರಕ್ಕೂ ಇರುವ ನಂಟು ಅದಕ್ಕಿಂತ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಬೊಕ್ಕಸದ ರತ್ನಗಳ ವಿಚಾರ ಬರುವಾಗ ವಜ್ರದ ಗುಣದೋಷಗಳ ಚರ್ಚೆಯೂ ಇದೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ವಜ್ರದ ಗಣಿಗಳಿದ್ದ ಸೀಮೆಯ ನಾಯಕನು ನಿರ್ದಿಷ್ಟ ತೂಕವನ್ನು ಮೀರಿದ ಕಲ್ಲುಗಳನ್ನೆಲ್ಲ ಅರಸನ ಭಂಡಾರಕ್ಕೆ ಒಪ್ಪಿಸಬೇಕೆಂಬ ಕರಾರು ಇದ್ದುದನ್ನು ದಾಖಲಿಸಿದ್ದಾನೆ. ಬಳ್ಳಾರಿಗೆ ಹತ್ತಿರದ ಅನಂತಪುರ ಜಿಲ್ಲೆಯ ವಜ್ರಕರೂರಿನ ಸುತ್ತಮುತ್ತ ಮತ್ತು ಕರ್ನೂಲು ಜಿಲ್ಲೆಯ ಹೊಲಗಳಲ್ಲಿ, ಮುಂಗಾರಿನ ಮಳೆ ಮಣ್ಣನ್ನು ತೊಳೆದ ಮೇಲೆ ಜನ ಇಂದಿಗೂ ವಜ್ರ ಹುಡುಕಲು ಬರುತ್ತಾರೆ.

ಕೊಳ್ಳುವವರಿಗೆ ನೇರವಾಗಿ ಪಾಠವಾಗುವ ಭಾಗ ಇನ್ನೂ ಮುಂದಿದೆ. ಭಾರತದ ಹಳೆಯ ಕಸುಬುದಾರರು ಕಲ್ಲಿನ ತೂಕವನ್ನು ಉಳಿಸಿಕೊಳ್ಳುವುದಕ್ಕೆ ಹೆಚ್ಚು ಮಹತ್ವ ಕೊಡುತ್ತಿದ್ದರು. ಸಿಕ್ಕ ಆಕಾರವನ್ನೇ ಅನುಸರಿಸಿ ಮೇಲ್ಮೈಗೆ ಸಣ್ಣಸಣ್ಣ ಮುಖಗಳನ್ನು ಕೊಟ್ಟು, ದೋಷವಿದ್ದ ಜಾಗವನ್ನು ಮರೆಮಾಡುತ್ತಿದ್ದರು. 1665ರಲ್ಲಿ ಔರಂಗಜೇಬನ ಆಸ್ಥಾನದಲ್ಲಿ ತಾವೆರ್ನಿಯೆ ನೋಡಿದ ‘ಗ್ರೇಟ್ ಮೊಘಲ್’ ಎಂಬ ಕಲ್ಲನ್ನು ವೆನಿಸ್ಸಿನ ಬೋರ್ಜಿಯೊ ಎಂಬವನು ಉಜ್ಜಿ ತೂಕವನ್ನು ಬಹಳ ಕಳೆದನೆಂದು, ಅದಕ್ಕಾಗಿ ಕೂಲಿಯ ಬದಲು 10,000 ರೂಪಾಯಿ ದಂಡ ತೆತ್ತನೆಂದು ಆ ವ್ಯಾಪಾರಿಯೇ ಬರೆದಿದ್ದಾನೆ. ಯೂರೋಪಿನವರ ದೃಷ್ಟಿ ಬೇರೆಯಾಗಿತ್ತು. ಬ್ರಿಟಿಷರ ಕೈ ಸೇರಿದಾಗ ಸುಮಾರು 186 ಕ್ಯಾರೆಟ್ ಇದ್ದ ಕೊಹಿನೂರ್, 1851ರ ಲಂಡನ್ ಪ್ರದರ್ಶನದಲ್ಲಿ ನೋಡಿದವರಿಗೆ ಮಂಕಾಗಿ ಕಂಡಿತು. ಮರುವರ್ಷ ಅದನ್ನು ಮತ್ತೆ ಕತ್ತರಿಸಿ 105.6 ಕ್ಯಾರೆಟ್‌ಗೆ ಇಳಿಸಿದರು. ಹೊಳಪಿಗಾಗಿ ಶೇಕಡಾ 40ಕ್ಕೂ ಹೆಚ್ಚು ತೂಕವನ್ನು ಬಿಟ್ಟುಕೊಟ್ಟ ಆ ನಿರ್ಧಾರದ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿರಬಹುದು. ಆದರೆ ತೂಕ ಉಳಿಸಬೇಕೋ ಬೆಳಕು ಹೆಚ್ಚಿಸಬೇಕೋ ಎಂಬ ಅದೇ ಪ್ರಶ್ನೆಯನ್ನು ಸೂರತ್ತಿನ ಕುಶಲಕರ್ಮಿ ಇಂದು 10 ಸೆಂಟಿನ ಕಲ್ಲಿನ ಮುಂದೆಯೂ ಎದುರಿಸುತ್ತಾನೆ, ಮತ್ತು ಅವನು ತೂಕದ ಕಡೆ ವಾಲಿದರೆ ಅದರ ಬೆಲೆಯನ್ನು ಕೊಳ್ಳುವವರು ತೆರುತ್ತಾರೆ.

1720ರ ದಶಕದಲ್ಲಿ ಬ್ರೆಜಿಲ್ಲಿನಲ್ಲಿ, 1860ರ ದಶಕದ ಕೊನೆಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಜ್ರ ಸಿಕ್ಕಿದ ಮೇಲೆ ಭಾರತದ ಏಕಸ್ವಾಮ್ಯ ಮುಗಿಯಿತು. 1888ರಲ್ಲಿ ಸ್ಥಾಪನೆಯಾದ ಡಿ ಬೀರ್ಸ್ ಕಂಪನಿಯು ಗಣಿಗಳನ್ನೂ ಪೂರೈಕೆಯನ್ನೂ ತನ್ನ ಹಿಡಿತಕ್ಕೆ ತೆಗೆದುಕೊಂಡು ಬೆಲೆ ಇಳಿಯದಂತೆ ನೋಡಿಕೊಂಡಿತು. ವಜ್ರವೆಂದರೆ ಶಾಶ್ವತ ಎಂಬ ಅರ್ಥದ ಅದರ ಜಾಹೀರಾತು ವಾಕ್ಯ ಹುಟ್ಟಿದ್ದು 1947ರಲ್ಲಿ. ನಿಶ್ಚಿತಾರ್ಥಕ್ಕೆ ವಜ್ರದುಂಗುರವೇ ಆಗಬೇಕೆಂಬ ಭಾವನೆ ಇಷ್ಟು ವ್ಯಾಪಕವಾಗಿ ಬೆಳೆದದ್ದು ಬಹುಮಟ್ಟಿಗೆ ಆ ಪ್ರಚಾರದಿಂದ.

ನಮ್ಮಲ್ಲಿ ವಜ್ರಕ್ಕಿರುವ ಅರ್ಥ

ಕನ್ನಡಿಗರ ಮನೆಗಳಲ್ಲಿ ವಜ್ರದ ಜಾಗ ಬೆರಳಿಗಿಂತ ಮೊದಲು ಕಿವಿ ಮತ್ತು ಮೂಗಿನಲ್ಲಿತ್ತು. ನಡುವೆ ಒಂದು, ಸುತ್ತ ಆರು ಕಲ್ಲುಗಳ ಓಲೆ, ಒಂಟಿ ಕಲ್ಲಿನ ಮೂಗುತಿ, ಬೇಸರಿ ಇವು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಸಾಗಿ ಬಂದ ಒಡವೆಗಳು. ಜನಮನದಲ್ಲಿ ಉಳಿದಿರುವ ಪುರಂದರದಾಸರ ಕಥೆಯೂ ಒಂದು ಮೂಗುತಿಯ ಸುತ್ತ ನಡೆಯುತ್ತದೆ: ರತ್ನವ್ಯಾಪಾರಿ ಶ್ರೀನಿವಾಸ ನಾಯಕನ ಹೆಂಡತಿ ಸರಸ್ವತಿ ಮಗನ ಉಪನಯನಕ್ಕೆಂದು ಬೇಡಿ ಬಂದ ಬಡ ಬ್ರಾಹ್ಮಣನಿಗೆ ತವರಿನಿಂದ ತಂದಿದ್ದ ಮೂಗುತಿಯನ್ನು ಬಿಚ್ಚಿ ಕೊಡುತ್ತಾಳೆ, ಆತ ಅದನ್ನು ನಾಯಕನ ಅಂಗಡಿಗೇ ತರುತ್ತಾನೆ, ನಾಯಕನು ನೋಡಿದ ಕೂಡಲೇ ಅದು ತನ್ನ ಮನೆಯದೆಂದು ಗುರುತಿಸುತ್ತಾನೆ. ಆ ಮೂಗುತಿ ಹೆಣ್ಣಿನ ಸ್ವಂತ ಸೊತ್ತು, ಕೊಡುವ ಹಕ್ಕು ಅವಳದು ಎಂಬುದು ಆ ಕಥೆಯ ಒಳಗಿರುವ ಮಾತು, ಮತ್ತು ವಜ್ರದ ಒಡವೆಗೆ ನಮ್ಮಲ್ಲಿ ಇಂದಿಗೂ ಇರುವ ಅರ್ಥ ಅದೇ ಎಂದು ನಾನು ಭಾವಿಸುತ್ತೇನೆ.

ನವರತ್ನಗಳಲ್ಲಿ ವಜ್ರವನ್ನು ಶುಕ್ರನಿಗೆ ಸೇರಿಸುತ್ತಾರೆ. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎಂಬ ನಂಬಿಕೆಯಿಂದ, ಕಲ್ಲನ್ನು ಕೆಲವು ದಿನ ಮನೆಯಲ್ಲಿಟ್ಟು ನೋಡಿ ಆಮೇಲೆ ಕೊಳ್ಳುವ ಪದ್ಧತಿಯೂ ಇದೆ. ಹಾಗೆ ಮಾಡುವವರು ಕಲ್ಲಿನ ತೂಕ, ಪ್ರಮಾಣಪತ್ರದ ಸಂಖ್ಯೆ, ಹಿಂದಿರುಗಿಸಬೇಕಾದ ದಿನಾಂಕ ಮತ್ತು ಮುಂಗಡದ ಮೊತ್ತವನ್ನು ಅಂಗಡಿಯವರಿಂದ ಬರೆಸಿಕೊಂಡೇ ಕಲ್ಲನ್ನು ಮನೆಗೆ ತರಬೇಕು. ದೋಷವಿರುವ ಕಲ್ಲನ್ನು ಧರಿಸಬಾರದೆಂಬ ಮಾತಿನ ಹಿಂದೆಯೂ ಹಳೆಯ ಪರೀಕ್ಷಾಶಾಸ್ತ್ರವಿದೆ. 6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ ಕಾಗೆಯ ಹೆಜ್ಜೆ, ನೊಣ, ಕೂದಲು ಇವುಗಳ ಆಕಾರದ ಕಲೆಗಳಿರುವ ವಜ್ರಗಳನ್ನು ಅಶುಭವೆನ್ನುತ್ತದೆ. ಇವೆಲ್ಲ ಇಂದಿನ ಪ್ರಯೋಗಾಲಯದವರು ಸೂಕ್ಷ್ಮದರ್ಶಕದಲ್ಲಿ ಕಂಡು ನಕ್ಷೆಯಲ್ಲಿ ಗುರುತಿಸುವ ಬಿರುಕು, ಹರಳು, ಎಳೆಗಳೇ ಆಗಿವೆ.

ಗುಣವನ್ನು ನೋಡುವ ಕ್ರಮ

ವಜ್ರದ ಗುಣವನ್ನು ಕಟ್, ಬಣ್ಣ, ಶುದ್ಧತೆ, ತೂಕ ಎಂಬ ನಾಲ್ಕು ಅಳತೆಗಳಲ್ಲಿ ಹೇಳುವ ಪದ್ಧತಿಯನ್ನು ಜಗತ್ತಿನಾದ್ಯಂತ ನೆಲೆಗೊಳಿಸಿದ್ದು 1931ರಲ್ಲಿ ಅಮೆರಿಕದಲ್ಲಿ ಆರಂಭವಾದ ಜಿಐಎ ಸಂಸ್ಥೆ. ಈ ನಾಲ್ಕರಲ್ಲಿ ಮನುಷ್ಯನ ಕೈಯಿಂದ ಆಗುವುದು ಕಟ್ ಒಂದೇ. ಉಳಿದವು ನೆಲದೊಳಗೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತವೆ. ದುಂಡು ವಜ್ರಕ್ಕೆ ಸಾಮಾನ್ಯವಾಗಿ 57 ಮುಖಗಳಿರುತ್ತವೆ, ತಳದ ತುದಿಯನ್ನೂ ಸಪಾಟು ಮಾಡಿದ್ದರೆ 58. ಮೇಲಿನಿಂದ ಒಳಹೋದ ಬೆಳಕು ಕೆಳಗಿನ ಮುಖಗಳಿಗೆ ಬಡಿದು, ಹೊರಗೆ ಸೋರದೆ, ಮತ್ತೆ ಮೇಲಕ್ಕೇ ಬರಬೇಕಾದರೆ ಆ ಮುಖಗಳ ಕೋನ ಸರಿಯಾಗಿರಬೇಕು. 1919ರಲ್ಲಿ ಮಾರ್ಸೆಲ್ ಟಾಲ್ಕೋವ್‌ಸ್ಕಿ ಎಂಬ ತರುಣ ಎಂಜಿನಿಯರ್ ಗಣಿತದಿಂದ ಲೆಕ್ಕಹಾಕಿ ಕೊಟ್ಟ ಕೋನಗಳು, ಅಂದರೆ ಮೇಲ್ಭಾಗಕ್ಕೆ ಸುಮಾರು 34.5 ಡಿಗ್ರಿ ಮತ್ತು ಕೆಳಭಾಗಕ್ಕೆ ಸುಮಾರು 40.75 ಡಿಗ್ರಿ, ಇಂದಿಗೂ ಕಸುಬಿನ ತಳಹದಿಯಾಗಿವೆ. ಕೆಳಭಾಗ ತೀರ ಆಳವಾದರೆ ಕಲ್ಲಿನ ನಡುವೆ ಕಪ್ಪು ಕಾಣುತ್ತದೆ. ತೀರ ತೆಳುವಾದರೆ ನಡುವೆ ಮೀನಿನ ಕಣ್ಣಿನಂಥ ಬಿಳಿಯ ವರ್ತುಲ ಕಾಣುತ್ತದೆ.

ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಒಡವೆ ಅಂಗಡಿಗಳ ಚಾವಣಿಯಲ್ಲಿ ಉರಿಯುವ ಸಣ್ಣ ಸಣ್ಣ ತೀಕ್ಷ್ಣ ದೀಪಗಳ ಕೆಳಗೆ ಸಾಧಾರಣ ಕಲ್ಲೂ ಮಿಂಚುವುದರಿಂದ, ಒಡವೆಯನ್ನು ಕಿಟಕಿಯ ಬಳಿಗೆ, ನೇರ ಬಿಸಿಲು ಬೀಳದ ಹಗಲಿನ ಬೆಳಕಿಗೆ ತಂದು ನಿಧಾನವಾಗಿ ಓರೆಮಾಡಿ ನೋಡಬೇಕು. ಒಳ್ಳೆಯ ಕಟ್‌ನ ಕಲ್ಲು ಅಂಚಿನಿಂದ ಅಂಚಿನವರೆಗೆ ಬೆಳಗುತ್ತದೆ, ಬೆಳಕು ಮತ್ತು ನೆರಳಿನ ಮಾದರಿ ಸಮನಾಗಿರುತ್ತದೆ. ಪ್ರಮಾಣಪತ್ರದಲ್ಲಿ ಕಟ್‌ನ ದರ್ಜೆ ‘ಎಕ್ಸಲೆಂಟ್’ ಎಂದಿದ್ದರೆ ಒಳ್ಳೆಯದು. ‘ಗುಡ್’ಗಿಂತ ಕೆಳಗಿನದನ್ನು ಎಷ್ಟೇ ದೊಡ್ಡದಾಗಿದ್ದರೂ ನಾನು ಸೂಚಿಸುವುದಿಲ್ಲ. ಜಿಐಎ ಕಟ್‌ನ ದರ್ಜೆಯನ್ನು ದೀರ್ಘಕಾಲ ದುಂಡು ಕಲ್ಲುಗಳಿಗೆ ಮಾತ್ರ ಕೊಡುತ್ತಾ ಬಂದಿರುವುದರಿಂದ, ಅಂಡಾಕಾರ, ಚೌಕ, ಹನಿಯಾಕಾರದ ಕಲ್ಲುಗಳಲ್ಲಿ ಕಣ್ಣಿನ ಪರೀಕ್ಷೆಯೇ ಹೆಚ್ಚು ಮುಖ್ಯ.

ಬಣ್ಣದ ಅಳತೆ ‘ಡಿ’ಯಿಂದ ಆರಂಭವಾಗಿ ‘ಝಡ್’ವರೆಗೆ ಇಳಿಯುತ್ತದೆ, ‘ಡಿ’ ಸಂಪೂರ್ಣ ವರ್ಣರಹಿತ, ಕೆಳಗಿಳಿದಂತೆ ಹಳದಿಯ ಛಾಯೆ ಹೆಚ್ಚು. ಈ ಹಳದಿಗೆ ಸಾಮಾನ್ಯವಾದ ಕಾರಣ ಇಂಗಾಲದ ನಡುವೆ ಸೇರಿರುವ ಸಾರಜನಕ. ಹಳದಿ ಚಿನ್ನದಲ್ಲಿ ಕಟ್ಟಿಸುವ ಓಲೆಗೆ ‘ಜಿ’ ಅಥವಾ ‘ಎಚ್’ ಬಣ್ಣ ಧಾರಾಳವಾಗಿ ಸಾಕು, ಏಕೆಂದರೆ ಸುತ್ತಲಿನ ಚಿನ್ನವೇ ಕಲ್ಲಿನೊಳಗೆ ಪ್ರತಿಫಲಿಸುತ್ತದೆ. ಪ್ಲಾಟಿನಂ ಅಥವಾ ಬಿಳಿ ಚಿನ್ನದ ಉಂಗುರಕ್ಕೆ ಒಂದೆರಡು ದರ್ಜೆ ಮೇಲಕ್ಕೆ ಹೋಗಬಹುದು. ನಮ್ಮ ಕಡೆಯ ಅಂಗಡಿಗಳಲ್ಲಿ ಹಿರಿಯರು ‘ಬ್ಲೂ ಜಾಗರ್’ ಎಂದು ಕೇಳುವುದುಂಟು. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯ ನಸುನೀಲಿ ಛಾಯೆಯ ಶ್ರೇಷ್ಠ ಕಲ್ಲುಗಳಿಂದ ಬಂದ ಹೆಸರು ಅದು. ಇಂದಿನ ಪ್ರಮಾಣಪತ್ರಗಳಲ್ಲಿ ಅಂಥ ದರ್ಜೆಯಿಲ್ಲ. ಆ ಹೆಸರಿಗಾಗಿ ಹೆಚ್ಚು ಹಣ ಕೇಳಿದರೆ ಬಣ್ಣದ ಅಕ್ಷರ ಯಾವುದು, ನೇರಳಾತೀತ ಬೆಳಕಿನಲ್ಲಿ ಕಲ್ಲು ಎಷ್ಟು ನೀಲಿಯಾಗಿ ಹೊಳೆಯುತ್ತದೆ ಎಂಬುದನ್ನು ಬರಹದಲ್ಲಿ ಕೇಳಬೇಕು.

ಶುದ್ಧತೆಯನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ ನಿರ್ಧರಿಸುತ್ತಾರೆ. ವಿವಿಎಸ್ ದರ್ಜೆಯ ಕಲ್ಲಿನೊಳಗಿನ ಕಲೆ ಪರಿಣತರಿಗೂ ಆ ಮಸೂರದಲ್ಲಿ ಕಷ್ಟಪಟ್ಟೇ ಕಾಣುತ್ತದೆ, ವಿಎಸ್ ದರ್ಜೆಯದು ಬರಿಗಣ್ಣಿಗೆ ಕಾಣುವುದಿಲ್ಲ, ಎಸ್‌ಐ ದರ್ಜೆಯದು ದೊಡ್ಡ ಕಲ್ಲಿನಲ್ಲಿ ಕೆಲವೊಮ್ಮೆ ಕಾಣುತ್ತದೆ. ಧರಿಸುವ ಒಡವೆಗೆ ವಿಎಸ್ ಸಾಕು. ಉಳಿದ ಹಣವನ್ನು ಕಟ್‌ಗೆ ಹಾಕಿದರೆ ನಾಲ್ಕು ಜನರ ಕಣ್ಣಿಗೂ ತಮ್ಮ ಕಣ್ಣಿಗೂ ಕಾಣುವ ವ್ಯತ್ಯಾಸ ಸಿಗುತ್ತದೆ. ಆದರೆ ಬಿರುಕು ಅಂಚಿನವರೆಗೆ ಬಂದಿದೆಯೇ ಎಂದು ಮಾತ್ರ ತಪ್ಪದೆ ಕೇಳಬೇಕು: ವಜ್ರ ಅತ್ಯಂತ ಗಟ್ಟಿಯಾದ ಕಲ್ಲಾದರೂ ಕೆಲವು ದಿಕ್ಕುಗಳಲ್ಲಿ ಪೆಟ್ಟು ಬಿದ್ದರೆ ಸೀಳಿಕೊಳ್ಳುವ ಗುಣ ಅದಕ್ಕಿದೆ.

ತೂಕದ ಲೆಕ್ಕ ಸರಳ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅದರ ನೂರರಲ್ಲೊಂದು ಭಾಗ ಒಂದು ಸೆಂಟ್. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರೆಟ್‌ನ ದುಂಡು ಕಲ್ಲು ಸುಮಾರು 6.5 ಮಿಲಿಮೀಟರ್ ಅಗಲವಿರುತ್ತದೆ, 10 ಸೆಂಟಿನದು ಸುಮಾರು 3 ಮಿಲಿಮೀಟರ್. ತೂಕ ಹೇಳಿದಷ್ಟಿದ್ದೂ ಅಗಲ ಕಡಿಮೆಯಿದ್ದರೆ ತೂಕವೆಲ್ಲ ಕೆಳಗಿನ ಹೊಟ್ಟೆಯಲ್ಲಿ ಅಡಗಿದೆ ಎಂದೇ ಅರ್ಥ. ಬೆಲೆ ತೂಕದೊಂದಿಗೆ ಸಮನಾಗಿ ಏರುವುದಿಲ್ಲ: 10 ಸೆಂಟಿನ ಏಳು ಕಲ್ಲುಗಳ ಒಟ್ಟು ಬೆಲೆಗಿಂತ ಅದೇ ಗುಣದ 70 ಸೆಂಟಿನ ಒಂದೇ ಕಲ್ಲಿನ ಬೆಲೆ ಬಹಳ ಹೆಚ್ಚು. ಆದ್ದರಿಂದ ‘ಒಟ್ಟು ಇಷ್ಟು ಕ್ಯಾರೆಟ್’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ, ಕಲ್ಲುಗಳೆಷ್ಟು ಎಂಬುದೂ ಬೇಕು. ಅರ್ಧ ಮತ್ತು ಒಂದು ಕ್ಯಾರೆಟ್‌ನ ಗಡಿಗಳಲ್ಲಿ ಬೆಲೆ ಜಿಗಿಯುವುದರಿಂದ, 95 ಸೆಂಟಿನ ಕಲ್ಲು ಕಣ್ಣಿಗೆ ಒಂದು ಕ್ಯಾರೆಟ್‌ನಷ್ಟೇ ಕಂಡು ಸ್ವಲ್ಪ ಅಗ್ಗಕ್ಕೆ ಸಿಗಬಹುದು. ಏಳು ಕಲ್ಲಿನ ಓಲೆಯಲ್ಲಿ ಇನ್ನೊಂದು ಪರೀಕ್ಷೆಯಿದೆ: ಎರಡೂ ಓಲೆಗಳ ಹದಿನಾಲ್ಕು ಕಲ್ಲುಗಳನ್ನು ಬಿಳಿ ಕಾಗದದ ಮೇಲೆ ಅಕ್ಕಪಕ್ಕದಲ್ಲಿಟ್ಟು ಬಣ್ಣ ಒಂದೇ ಇದೆಯೇ ಎಂದು ನೋಡಬೇಕು. ಒಂದು ಕಲ್ಲು ಹಳದಿಯಾದರೆ ಇಡೀ ಓಲೆ ಕೆಡುತ್ತದೆ.

ಗಣಿಯದೋ, ಪ್ರಯೋಗಾಲಯದ್ದೋ

1954ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು ಅತಿಯಾದ ಒತ್ತಡ ಮತ್ತು ತಾಪದಲ್ಲಿ ವಜ್ರವನ್ನು ಸೃಷ್ಟಿಸಿದರು. ಅನಿಲದಿಂದ ಇಂಗಾಲವನ್ನು ಪದರಪದರವಾಗಿ ಕೂರಿಸುವ ಸಿವಿಡಿ ಎಂಬ ವಿಧಾನವೂ ಈಗ ಬಳಕೆಯಲ್ಲಿದೆ. ಹೀಗೆ ಬೆಳೆಸಿದ ಕಲ್ಲು ನಕಲಿಯಲ್ಲ. ರಾಸಾಯನಿಕವಾಗಿ, ಗಡಸಿನಲ್ಲಿ, ಹೊಳಪಿನಲ್ಲಿ ಅದು ವಜ್ರವೇ. ಆದರೆ ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯಲ್ಲಿ 150 ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ ಹುಟ್ಟಿ, ಜ್ವಾಲಾಮುಖಿಯೊಂದಿಗೆ ಮೇಲೆ ಬಂದ ಕಲ್ಲು ಅಪರೂಪದ್ದು. ಯಂತ್ರದಲ್ಲಿ ಬೆಳೆಯುವ ಕಲ್ಲನ್ನು ಬೇಕಾದಷ್ಟು ಮಾಡಬಹುದು. ಅದರ ಬೆಲೆ ಇತ್ತೀಚಿನ ವರ್ಷಗಳಲ್ಲಿ ತೀವ್ರವಾಗಿ ಇಳಿದಿರುವುದರಿಂದ, ಚೆಲುವಿಗಾಗಿ ತೊಡುವವರು ಸಂತೋಷದಿಂದ ಕೊಳ್ಳಬಹುದು. ಮುಂದೆ ಹಣವಾದೀತೆಂಬ ಲೆಕ್ಕದಲ್ಲಿ ಕೊಳ್ಳಬಾರದು. ಎರಡರ ನಡುವಿನ ವ್ಯತ್ಯಾಸ ಬರಿಗಣ್ಣಿಗಾಗಲಿ ಮಸೂರಕ್ಕಾಗಲಿ ಕಾಣುವುದಿಲ್ಲ, ಪ್ರಯೋಗಾಲಯದ ಉಪಕರಣವೇ ಬೇಕು.

ಅಂಗಡಿಯಲ್ಲಿ ಕಲ್ಲಿಗೆ ತಾಗಿಸಿ ‘ಬೀಪ್’ ಎನಿಸುವ ಪೆನ್ನಿನಂಥ ಉಪಕರಣ ಕಲ್ಲು ಶಾಖವನ್ನು ಎಷ್ಟು ಬೇಗ ಹರಿಸುತ್ತದೆ ಎಂಬುದನ್ನಷ್ಟೇ ಅಳೆಯುತ್ತದೆ. ಅದು ಅಮೆರಿಕನ್ ಡೈಮಂಡ್ ಎಂದು ಮಾರಾಟವಾಗುವ ಜಿರ್ಕೋನಿಯಾವನ್ನು ಹಿಡಿಯಬಲ್ಲದು, ಆದರೆ ಮೊಯ್ಸನೈಟ್ ಎಂಬ ಕಲ್ಲು ಅದನ್ನು ವಂಚಿಸಬಲ್ಲದು. ಪ್ರಯೋಗಾಲಯದ ವಜ್ರವಂತೂ ನಿಜವಾದ ವಜ್ರವಾದ್ದರಿಂದ ಪರೀಕ್ಷೆಯಲ್ಲಿ ಗೆದ್ದೇ ಗೆಲ್ಲುತ್ತದೆ. ಗಾಜಿನ ಮೇಲೆ ಗೀರಿ ನೋಡುವ ಪರೀಕ್ಷೆ ಏನನ್ನೂ ಸಾಬೀತುಮಾಡುವುದಿಲ್ಲ, ಕಲ್ಲಿನ ಅಂಚನ್ನು ಒಡೆಯಬಹುದು.

ರಸೀದಿಯಲ್ಲಿ ಇರಬೇಕಾದದ್ದು

ಸುಮಾರು 30 ಸೆಂಟ್ ಮತ್ತು ಮೇಲ್ಪಟ್ಟ ಒಂಟಿ ಕಲ್ಲಿಗೆ ಜಿಐಎ ಅಥವಾ ಐಜಿಐನಂಥ ಸ್ವತಂತ್ರ ಸಂಸ್ಥೆಯ ಪ್ರಮಾಣಪತ್ರವನ್ನು ಕೇಳಬೇಕು. ಆ ಪತ್ರದ ಸಂಖ್ಯೆಯನ್ನು ಕಲ್ಲಿನ ನಡುಪಟ್ಟಿಯ ಮೇಲೆ ಲೇಸರ್‌ನಿಂದ ಕೆತ್ತಿರುವುದುಂಟು. ಅದನ್ನು ಮಸೂರದಲ್ಲಿ ತೋರಿಸಲು ಹೇಳಿ, ಸಂಸ್ಥೆಯ ಜಾಲತಾಣದಲ್ಲಿ ಸಂಖ್ಯೆಯನ್ನು ಹಾಕಿ ಅಳತೆಗಳನ್ನು ಹೋಲಿಸಬೇಕು. ಸಣ್ಣ ಕಲ್ಲುಗಳ ಒಡವೆಗೆ ಇಡೀ ಒಡವೆಗೊಂದು ಪತ್ರ ಸಿಗುತ್ತದೆ. ಅಂಗಡಿಯೇ ತನ್ನ ಹೆಸರಿನಲ್ಲಿ ಕೊಡುವ ಕಾರ್ಡು ಸ್ವತಂತ್ರ ಪರೀಕ್ಷೆಗೆ ಸಮನಲ್ಲ.

ಬಿಐಎಸ್ ಹಾಲ್‌ಮಾರ್ಕ್ ಮತ್ತು ಅದರ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಚಿನ್ನದ ಶುದ್ಧತೆಯನ್ನು ಮಾತ್ರ ಹೇಳುತ್ತವೆ, ವಜ್ರದ ಬಗ್ಗೆ ಏನೂ ಹೇಳುವುದಿಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಪರಿಶೀಲಿಸಬಹುದು. ವಜ್ರದ ಒಡವೆ ಸಾಮಾನ್ಯವಾಗಿ 18 ಕ್ಯಾರೆಟ್ (ಇಲ್ಲಿ ಕ್ಯಾರೆಟ್ ಎಂದರೆ ತೂಕವಲ್ಲ, ಚಿನ್ನದ ಶುದ್ಧತೆಯ ಅಳತೆ) ಚಿನ್ನದಲ್ಲಿರುತ್ತದೆ, ಅಂದರೆ 750 ಎಂಬ ಗುರುತು. 22 ಕ್ಯಾರೆಟ್‌ನ ದರವನ್ನು ಅದಕ್ಕೆ ಹಾಕಿದ್ದಾರೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ನಿವ್ವಳ ತೂಕ ನೋಡಬೇಕು. ಒಂದು ಜೊತೆ ಓಲೆಯ ಒಟ್ಟು ತೂಕ 8 ಗ್ರಾಂ ಇದ್ದು, ಅದರಲ್ಲಿ 1.40 ಕ್ಯಾರೆಟ್ ವಜ್ರವಿದ್ದರೆ, ವಜ್ರದ ತೂಕ 0.28 ಗ್ರಾಂ, ಚಿನ್ನದ ಬೆಲೆಯನ್ನು 7.72 ಗ್ರಾಂಗೆ ಮಾತ್ರ ಹಾಕಬೇಕು. ಇಲ್ಲವಾದರೆ ವಜ್ರಕ್ಕೆ ಒಮ್ಮೆ ವಜ್ರದ ಬೆಲೆಯನ್ನೂ ಮತ್ತೊಮ್ಮೆ ಚಿನ್ನದ ಬೆಲೆಯನ್ನೂ ಕೊಟ್ಟಂತಾಗುತ್ತದೆ. ಕಲ್ಲುಗಳ ಸಂಖ್ಯೆ, ಒಟ್ಟು ಕ್ಯಾರೆಟ್, ಬಣ್ಣ ಮತ್ತು ಶುದ್ಧತೆಯ ದರ್ಜೆ, ಗಣಿಯದೋ ಪ್ರಯೋಗಾಲಯದ್ದೋ ಎಂಬ ಸ್ಪಷ್ಟ ಪದ, ಮೇಕಿಂಗ್ ಚಾರ್ಜ್, ಶೇಕಡಾ 3ರ ಜಿಎಸ್‌ಟಿ ಇವೆಲ್ಲ ಪ್ರತ್ಯೇಕವಾಗಿ ಬರೆದಿರಬೇಕು. ಹಿಂದಿರುಗಿಸಿದರೆ ಅಥವಾ ಬದಲಾಯಿಸಿದರೆ ವಜ್ರಕ್ಕೆ ಶೇಕಡಾ ಎಷ್ಟು ಕೊಡುತ್ತಾರೆ, ಅದು ಕೊಂಡ ದಿನದ ಬೆಲೆಯ ಮೇಲೋ ಮಾರುವ ದಿನದ ಬೆಲೆಯ ಮೇಲೋ ಎಂಬುದನ್ನೂ ಬರೆಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಚಿನ್ನಕ್ಕಿರುವಂತೆ ವಜ್ರಕ್ಕೆ ದಿನದ ದರವೆಂಬುದಿಲ್ಲ.

ಹಳೆಯ ಒಡವೆ ಮತ್ತು ಆರೈಕೆ

ಅಜ್ಜಿಯ ಕಾಲದ ಓಲೆ, ಬೇಸರಿಗಳಲ್ಲಿ ಕಲ್ಲಿನ ಹಿಂಭಾಗ ಚಿನ್ನದಿಂದ ಮುಚ್ಚಿರುವುದುಂಟು. ಕಲ್ಲಿನ ಹಿಂದೆ ಹೊಳೆಯುವ ತಗಡು, ಕೆಲವದರಲ್ಲಿ ಅರಗು ಇರುವುದರಿಂದ ಮುಚ್ಚಿದ ಸ್ಥಿತಿಯಲ್ಲಿ ಬಣ್ಣವನ್ನೂ ತೂಕವನ್ನೂ ಯಾರೂ ಖಚಿತವಾಗಿ ಹೇಳಲಾರರು. ಬೆಲೆ ಕಟ್ಟಿಸುವುದಾದರೆ ಕಲ್ಲುಗಳನ್ನು ತಮ್ಮ ಎದುರಿನಲ್ಲೇ ಬಿಚ್ಚಿಸಿ, ತೂಗಿಸಿ, ಒಂದೊಂದರ ಅಳತೆ ಬರೆದುಕೊಂಡು, ಚಿತ್ರ ತೆಗೆದುಕೊಳ್ಳಬೇಕು. ಹಳೆಯ ಕಟ್‌ನ ಕಲ್ಲು ಇಂದಿನ ಮಾದರಿಯದಲ್ಲವೆಂದು ಕಡಿಮೆ ಬೆಲೆಗೆ ಕೇಳಿದರೆ ಆತುರಪಡದೆ ಇನ್ನೊಂದೆರಡು ಕಡೆ ವಿಚಾರಿಸಬೇಕು. ಕೈಯಿಂದ ಕತ್ತರಿಸಿದ ಹಳೆಯ ಕಲ್ಲುಗಳನ್ನೇ ಹುಡುಕಿ ಕೊಳ್ಳುವವರೂ ಇದ್ದಾರೆ.

ವಜ್ರಕ್ಕೆ ಜಿಡ್ಡನ್ನು ಹಿಡಿದುಕೊಳ್ಳುವ ಗುಣವಿದೆ. ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ಗಣಿಗಳಲ್ಲಿ ಜಿಡ್ಡು ಬಳಿದ ಮೇಜಿನ ಮೇಲೆ ಜಲ್ಲಿಯನ್ನು ನೀರಿನೊಂದಿಗೆ ಹರಿಸಿ ವಜ್ರವನ್ನು ಬೇರ್ಪಡಿಸುತ್ತಿದ್ದರು. ಎಣ್ಣೆಸ್ನಾನ, ಅರಿಶಿನ, ಮುಖದ ಕ್ರೀಮು ಇವುಗಳಿಂದ ಓಲೆ, ಮೂಗುತಿ ಬೇಗ ಮಂಕಾಗುವುದು ಇದೇ ಕಾರಣಕ್ಕೆ. ಹಿಂಭಾಗ ತೆರೆದಿರುವ ಒಡವೆಯನ್ನು ಪಾತ್ರೆ ತೊಳೆಯುವ ಸೌಮ್ಯ ದ್ರವ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಮೃದುವಾದ ಬ್ರಷ್‌ನಿಂದ ಹಿಂಬದಿಯನ್ನು ಉಜ್ಜಿದರೆ ಹೊಳಪು ಮರಳುತ್ತದೆ. ಹಿಂಭಾಗ ಮುಚ್ಚಿರುವ ಒಡವೆಯನ್ನು ಮಾತ್ರ ನೀರಿನಲ್ಲಿ ನೆನೆಸಲೇಬಾರದು. ಒಳಗೆ ಸೇರಿದ ನೀರು ತಗಡನ್ನು ಕಪ್ಪಾಗಿಸುತ್ತದೆ, ಆಮೇಲೆ ಕಲ್ಲು ಬಿಚ್ಚಿ ಮತ್ತೆ ಕಟ್ಟಿಸದೆ ದಾರಿಯಿಲ್ಲ. ಒದ್ದೆ ಬಟ್ಟೆಯಿಂದ ಮೇಲ್ಭಾಗವನ್ನಷ್ಟೇ ಒರೆಸಿ ತಕ್ಷಣ ಒಣಬಟ್ಟೆಯಿಂದ ಒತ್ತಬೇಕು. ವಜ್ರ ವಜ್ರವನ್ನೂ ಗೀರುವುದರಿಂದ ಒಂದೊಂದು ಒಡವೆಯನ್ನೂ ಬೇರೆ ಬೇರೆ ಚೀಲದಲ್ಲಿಡಬೇಕು, ದಿನವೂ ತೊಡುವ ಒಡವೆಯಲ್ಲಿ ಕಲ್ಲನ್ನು ಹಿಡಿದಿರುವ ಕಚ್ಚುಗಳು ಸವೆದಿವೆಯೇ ಎಂದು ವರ್ಷಕ್ಕೊಮ್ಮೆ ಅಕ್ಕಸಾಲಿಗರಿಗೆ ತೋರಿಸಬೇಕು.